ರೋಗವೂ ತಿಳಿವಳಿಕೆಯೂ ಒಂದೇ ದಾರಿಯಲ್ಲಿ: ‘ಡ್ರಾಗನ್ಸ್ ಡಾಗ್ಮಾ 2’ ಗೆದ್ದಿದ್ದೆಲ್ಲಿ, ಎಡವಿದ್ದೆಲ್ಲಿ

ಈ ಕಂತಿನಲ್ಲಿ ಒಂದು ಕಂಪ್ಯೂಟರ್ ಗೇಮ್ ಬಗ್ಗೆ ಮಾತಾಡೋಣ. ವಿಜ್ಞಾನದ ಪಾಡ್‌ಕಾಸ್ಟ್‌ನಲ್ಲಿ ಗೇಮ್ ಯಾಕೆ ಅಂತ ನೀವು ಕೇಳಬಹುದು. ಕಾರಣ ಇಷ್ಟೇ: ಈ ಗೇಮ್ ಒಳಗೆ ಒಂದು ಸಾಂಕ್ರಾಮಿಕ ರೋಗ ಇದೆ. ಅದು ಹರಡುವ ರೀತಿ ನೋಡಿದರೆ ಜೀವವಿಜ್ಞಾನ ಓದಿದವರು ಕಿವಿ ನಿಮಿರಿಸಲೇಬೇಕು. ಗೇಮ್ ಇನ್ನೂ ಆಡದವರಿಗೆ ಒಂದು ಎಚ್ಚರಿಕೆ, ಆ ರೋಗದ ಗುಟ್ಟನ್ನು ಇಲ್ಲಿ ಪೂರ್ತಿ ಬಿಟ್ಟುಕೊಡ್ತೀನಿ.

‘ಡ್ರಾಗನ್ಸ್ ಡಾಗ್ಮಾ 2’ ಜಪಾನಿನ ಕ್ಯಾಪ್‌ಕಾಮ್ ಕಂಪನಿಯದ್ದು. ಮೊದಲ ಭಾಗ ಬಂದಿದ್ದು 2012ರಲ್ಲಿ, ಎರಡನೆಯದು 2024ರ ಮಾರ್ಚ್‌ನಲ್ಲಿ. ಎರಡಕ್ಕೂ ನಿರ್ದೇಶಕರು ಹಿಡೆಯಾಕಿ ಇಟ್ಸುನೊ. ಕಥೆ ಹಳೇ ಜಾಡಿನದೇ. ಡ್ರಾಗನ್ ಒಂದು ನಿಮ್ಮ ಹೃದಯ ಕಿತ್ತುಕೊಂಡು ಹೋಗುತ್ತೆ, ನೀವು ಅದರ ಬೆನ್ನು ಹತ್ತುತ್ತೀರಿ. ಕಥೆಯಲ್ಲಿ ನನಗೆ ಹೆಚ್ಚು ಹೇಳೋಕೆ ಏನೂ ಕಾಣಲಿಲ್ಲ. ವಿಶೇಷ ಇರೋದು ನಿಮ್ಮ ಜೊತೆಗಾರರಲ್ಲಿ.

ಇವರನ್ನು ‘ಪಾನ್’ ಅಂತಾರೆ, ಚದುರಂಗದ ಕಾಲಾಳು ಅನ್ನೋ ಅರ್ಥದಲ್ಲಿ. ಒಂದು ಪಾನ್ ನೀವೇ ರೂಪಿಸಿದ್ದು. ಇನ್ನೆರಡನ್ನು ಬೇರೆ ಆಟಗಾರರ ಲೋಕದಿಂದ ಎರವಲು ತರಬಹುದು. ಹಾಗೇ ನಿಮ್ಮ ಪಾನ್ ಕೂಡ ಬೇರೆಯವರ ಲೋಕಕ್ಕೆ ಹೋಗಿ ದುಡಿದು ಬರುತ್ತೆ. ಅಲ್ಲಿ ಒಂದು ಗುಹೆ ಕಂಡಿದ್ದರೆ, ಒಂದು ಕೆಲಸ ಮುಗಿಸಿದ್ದರೆ, ಆ ತಿಳಿವಳಿಕೆ ಅದರ ಜೊತೆ ಬರುತ್ತೆ. ‘ಈ ದಾರಿ ನನಗೆ ಗೊತ್ತು, ಹಿಂದೆ ಬನ್ನಿ’ ಅಂತ ನಿಮ್ಮನ್ನು ಕರೆದುಕೊಂಡು ಹೋಗುತ್ತೆ. ಎಲ್ಲೋ ಯಾರೋ ಅಪರಿಚಿತರು ಪಟ್ಟ ಕಷ್ಟ ಹೀಗೆ ನಿಮ್ಮ ಮನೆಯಲ್ಲಿ ಉಪಯೋಗಕ್ಕೆ ಬರುತ್ತೆ.

ಇದೇ ದಾರಿಯಲ್ಲಿ ಆ ರೋಗವೂ ಬರುತ್ತೆ. ಹೆಸರು ‘ಡ್ರಾಗನ್ಸ್‌ಪ್ಲೇಗ್’. ಪಾನ್‌ನಿಂದ ಪಾನ್‌ಗೆ ಹರಡುತ್ತೆ. ಎರವಲು ತಂದ ಪಾನ್‌ಗೆ ಸೋಂಕಿದ್ದರೆ ನಿಮ್ಮದಕ್ಕೂ ಅಂಟಬಹುದು, ನಿಮ್ಮದು ಅದನ್ನು ಮೂರನೆಯವರ ಮನೆಗೆ ಒಯ್ಯಬಹುದು. ಮೊದಮೊದಲು ಪಾನ್ ಸ್ವಲ್ಪ ಒರಟಾಗಿ ಮಾತಾಡುತ್ತೆ, ಹೇಳಿದ್ದು ಕೇಳಲ್ಲ, ತಲೆ ಹಿಡಿದುಕೊಳ್ಳುತ್ತೆ, ಕಣ್ಣು ಕೆಂಪಗೆ ಹೊಳೆಯುತ್ತೆ. ನೀವು ಗಮನಿಸದೆ ಊರೊಳಗಿನ ವಸತಿಗೃಹದಲ್ಲಿ ಮಲಗಿದರೆ, ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಹೆಣ. ಅಂಗಡಿಯವನಿಂದ ಹಿಡಿದು ನಿಮಗೆ ಕೆಲಸ ಕೊಟ್ಟ ಮುದುಕಿಯವರೆಗೆ ಯಾರೂ ಉಳಿದಿರಲ್ಲ.

ಇದು ಬರೀ ಹೆದರಿಸುವ ತಂತ್ರ ಅಂತ ತುಂಬಾ ಜನ ಬೈದರು. ನನ್ನ ಅಭಿಪ್ರಾಯ ಬೇರೆ. ಈ ಗೇಮ್‌ನಲ್ಲಿರುವ ಅತ್ಯುತ್ತಮ ಕಲ್ಪನೆಯೇ ಇದು. ಗುಂಪಿನಲ್ಲಿ ಬದುಕುವ ಯಾವ ಪ್ರಾಣಿಯನ್ನಾದರೂ ತೊಗೊಳ್ಳಿ, ಇರುವೆ, ಬಾವಲಿ, ಮನುಷ್ಯ. ಆಹಾರ ಎಲ್ಲಿದೆ, ಅಪಾಯ ಎಲ್ಲಿದೆ ಅನ್ನೋ ಮಾಹಿತಿ ಸಿಗೋದು ಒಡನಾಟದಿಂದ. ಸೋಂಕು ತಗುಲೋದೂ ಅದೇ ಒಡನಾಟದಿಂದ. ಒಂದನ್ನು ಪೂರ್ತಿ ಮುಚ್ಚಿದರೆ ಇನ್ನೊಂದೂ ಮುಚ್ಚಿಹೋಗುತ್ತೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಇದನ್ನು ಮೈಮೇಲೆ ಅನುಭವಿಸಿದವರು. ಪಾಠದ ಧಾಟಿಯ ಒಂದು ಮಾತೂ ಆಡದೆ, ಬರೀ ಆಟದ ನಿಯಮಗಳಿಂದಲೇ ಇದನ್ನು ಮನವರಿಕೆ ಮಾಡಿಸೋದು ಸಣ್ಣ ಕೆಲಸ ಅಲ್ಲ.

ಗೇಮ್‌ಗಳಲ್ಲಿ ಸಾಂಕ್ರಾಮಿಕ ಹೊಸದಲ್ಲ. 2005ರ ಸೆಪ್ಟೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ‘ಕರಪ್ಟೆಡ್ ಬ್ಲಡ್’ ಅನ್ನೋ ಶಾಪ ಒಂದು ಕಾಳಗದ ಜಾಗದಿಂದ ತಪ್ಪಿಸಿಕೊಂಡಿತು. ಆಟಗಾರರ ಸಾಕುಪ್ರಾಣಿಗಳ ಮೂಲಕ ಪೇಟೆಗಳಿಗೆ ನುಗ್ಗಿತು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಇದರ ಬಗ್ಗೆ 2007ರಲ್ಲಿ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಲೇಖನವನ್ನೇ ಬರೆದರು. ಆದರೆ ಅದು ಪ್ರೋಗ್ರಾಮ್‌ನಲ್ಲಾದ ಆಕಸ್ಮಿಕ. ಇಲ್ಲಿ ರೋಗವನ್ನು ಬೇಕು ಅಂತಲೇ ಕಟ್ಟಿದ್ದಾರೆ. ಹಾಗಾಗಿ ಅದರ ದೋಷಗಳಿಗೂ ಅವರೇ ಹೊಣೆ.

ಮೊದಲ ದೋಷ ಚಿಕಿತ್ಸೆಯದ್ದು. ಈ ರೋಗಕ್ಕೆ ಮದ್ದಿಲ್ಲ, ಪರೀಕ್ಷೆ ಇಲ್ಲ. ನಿಮ್ಮ ಪಾನ್‌ಗೆ ರೋಗ ಬಂದರೆ ಅದನ್ನು ಸಾಯಿಸಬೇಕು. ಆಳದ ನೀರಿಗೆ ಎಸೆದರೆ ಸಾಕು, ಆಮೇಲೆ ಮತ್ತೆ ಕರೆದರೆ ಗುಣವಾಗಿ ಬರುತ್ತೆ. ಇದರಿಂದ ಏನಾಯ್ತು? ಸಣ್ಣ ಅನುಮಾನ ಬಂದರೂ ಪಾನ್‌ಗಳನ್ನು ನೀರಿಗೆ ಎತ್ತಿಹಾಕೋದು ಆಟಗಾರರಲ್ಲಿ ರೂಢಿಯಾಯ್ತು. ನಾನಿರುವ ಬ್ರಿಟನ್‌ನಲ್ಲಿ 2001ರಲ್ಲಿ ಕಾಲುಬಾಯಿ ರೋಗ ಬಂದಾಗ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಸೋಂಕು ತಗುಲದ ಎಷ್ಟೋ ಪ್ರಾಣಿಗಳೂ ಅದರಲ್ಲಿದ್ದವು. ಆ ನಿರ್ಧಾರದ ಬಗ್ಗೆ ಇಲ್ಲಿ ಇಂದಿಗೂ ವಾದ ಮುಗಿದಿಲ್ಲ. ಗೇಮ್‌ನಲ್ಲಿ ಅಂಥ ವಾದಕ್ಕೆ ಜಾಗವೇ ಇಲ್ಲ. ಸತ್ತ ಪಾನ್ ವಾಪಸ್ ಬರೋದರಿಂದ ಕೊಲ್ಲುವ ಕೈಗೆ ಯಾವ ಭಾರವೂ ಇಲ್ಲ. ಪ್ರತ್ಯೇಕವಾಗಿಟ್ಟು ಕಾಯುವ ಒಂದು ದಾರಿ ಕೊಟ್ಟಿದ್ದರೆ, ಊರು ಉಳಿಸೋದಾ, ಜೊತೆಗಾರನನ್ನು ಉಳಿಸೋದಾ ಅನ್ನೋ ನಿಜವಾದ ಸಂಕಟ ಎದುರಾಗ್ತಿತ್ತು.

ಎರಡನೆಯದು ಲಕ್ಷಣಗಳದ್ದು. ಬಿಡುಗಡೆಯಾದ ಹೊಸದರಲ್ಲಿ ಅವು ಎಷ್ಟು ಸೂಕ್ಷ್ಮವಾಗಿದ್ದವು ಅಂದ್ರೆ, ಹೊಡೆದಾಟದ ಗಡಿಬಿಡಿಯಲ್ಲಿ ಕಾಣ್ತಾನೇ ಇರಲಿಲ್ಲ. ಸುಮಾರು ಒಂದು ತಿಂಗಳಾದ ಮೇಲೆ ಕ್ಯಾಪ್‌ಕಾಮ್ ತಿದ್ದುಪಡಿ ತಂದಿತು. ಕಣ್ಣಿನ ಹೊಳಪಿನಂಥ ಲಕ್ಷಣಗಳನ್ನು ಎದ್ದುಕಾಣುವ ಹಾಗೆ ಮಾಡಿದರು, ಜೊತೆಗೆ ಸೋಂಕು ತಗುಲೋದನ್ನೂ ಕಮ್ಮಿ ಮಾಡಿದರು. ಮೊದಲನೆಯದು ಸರಿ. ರೋಗ ಕಣ್ಣಿಗೆ ಬಿದ್ದರೆ ತಾನೇ ಎಚ್ಚರ ಸಾಧ್ಯ? ಎರಡನೆಯದು ಬೇಕಿರಲಿಲ್ಲ. ಲಕ್ಷಣ ಸ್ಪಷ್ಟವಾದ ಮೇಲೆ ರೋಗ ಜೋರಾಗಿಯೇ ಇರಬಹುದಿತ್ತು, ನೋಡಿಕೊಂಡು ನಡೆಯೋ ಜವಾಬ್ದಾರಿ ಆಟಗಾರರದ್ದಾಗ್ತಿತ್ತು.

ಮೂರನೆಯದು ದುಡ್ಡಿನದ್ದು, ನನಗೆ ತುಂಬಾ ಬೇಸರ ತಂದಿದ್ದೂ ಇದೇ. ಸತ್ತವರನ್ನು ಬದುಕಿಸೋಕೆ ಗೇಮ್‌ನಲ್ಲಿ ‘ವೇಕ್‌ಸ್ಟೋನ್’ ಅನ್ನೋ ಕಲ್ಲಿದೆ. ಆಡುತ್ತಾ ಹೋದರೆ ಅದು ಸಿಗುತ್ತೆ, ನಿಜ. ಆದರೆ ಬಿಡುಗಡೆಯ ದಿನವೇ ಅದನ್ನು ನಿಜವಾದ ದುಡ್ಡಿಗೂ ಮಾರೋಕೆ ಇಟ್ಟಿದ್ದರು. ಒಂದು ಕೈಯಲ್ಲಿ ಊರನ್ನೇ ಕೊಲ್ಲುವ ರೋಗ, ಇನ್ನೊಂದು ಕೈಯಲ್ಲಿ ಸಂಜೀವಿನಿಯ ಅಂಗಡಿ! ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮ್‌ನಲ್ಲಿ ಇಂಥದ್ದು ಕಂಡರೆ, ಎದುರಾದ ಕಷ್ಟ ಆಟಕ್ಕಾಗಿ ಇಟ್ಟಿದ್ದೋ ವ್ಯಾಪಾರಕ್ಕಾಗಿ ಇಟ್ಟಿದ್ದೋ ಅನ್ನೋ ಸಂಶಯ ಹುಟ್ಟುತ್ತೆ. ಆ ಸಂಶಯ ಒಮ್ಮೆ ಹುಟ್ಟಿದರೆ ಒಳ್ಳೆ ಕಲ್ಪನೆಯ ಮೇಲೂ ನಂಬಿಕೆ ಹೋಗುತ್ತೆ.

ಉಳಿದ ವಿಷಯ ಚುಟುಕಾಗಿ. ನಡೆದಾಟಕ್ಕೆ ಇಲ್ಲಿ ಬೆಲೆ ಇದೆ. ಎಲ್ಲಿಗೆ ಬೇಕಾದರೂ ಕ್ಷಣದಲ್ಲಿ ಹಾರಿಬಿಡೋದು ಸುಲಭ ಇಲ್ಲ, ಎತ್ತಿನ ಗಾಡಿ ಹತ್ತಿದರೆ ಅರ್ಧ ದಾರಿಯಲ್ಲಿ ದಾಳಿ ಆಗಬಹುದು. ಪೆಟ್ಟು ತಿಂದಷ್ಟೂ ನಿಮ್ಮ ಶಕ್ತಿಯ ಗರಿಷ್ಠ ಮಿತಿಯೇ ಇಳಿಯುತ್ತಾ ಹೋಗುತ್ತೆ, ವಿಶ್ರಾಂತಿ ಇಲ್ಲದೆ ಅದು ಮತ್ತೆ ಏರಲ್ಲ. ದಣಿವು ಅಂದ್ರೆ ಏನು ಅಂತ ಬಲ್ಲ ಗೇಮ್ ಇದು. ದೈತ್ಯ ಪ್ರಾಣಿಗಳ ಮೈಮೇಲೆ ಹತ್ತಿ ಹೋರಾಡೋ ಮಜಾ ಬೇರೆ ಕಡೆ ಸಿಗೋದು ಅಪರೂಪ. ಆದರೆ ಶತ್ರುಗಳ ವೈವಿಧ್ಯ ತೀರಾ ಕಮ್ಮಿ. ಅದೇ ಗಾಬ್ಲಿನ್, ಅದೇ ತೋಳ, ಅದೇ ತಿರುವಿನಲ್ಲಿ ಮತ್ತೆ ಮತ್ತೆ. ಕೊಂದಷ್ಟೂ ಅಷ್ಟೇ ಹುಟ್ಟುವ ಕಾಡು ಯಾವ ಪರಿಸರಶಾಸ್ತ್ರದಲ್ಲೂ ಇಲ್ಲ. ಪಿಸಿಯಲ್ಲಿ ಜನ ತುಂಬಿದ ಪೇಟೆಗೆ ಕಾಲಿಟ್ಟರೆ ಚಿತ್ರ ತಡವರಿಸುತ್ತಿತ್ತು. ಕಥೆಯ ದ್ವಿತೀಯಾರ್ಧ ಬಸ್ಸು ಹಿಡಿಯುವ ಅವಸರದಲ್ಲಿ ಓಡುತ್ತೆ.

ಇಷ್ಟೆಲ್ಲ ಇದ್ದರೂ ಆಡಿ ಅಂತಲೇ ಹೇಳ್ತೀನಿ, ಆದರೆ ಪಾನ್‌ಗಳನ್ನು ಎರವಲು ತಂದು ಆಡಿ. ರೋಗದ ಹೆದರಿಕೆಯಿಂದ ಯಾರನ್ನೂ ಹತ್ತಿರ ಸೇರಿಸದೆ ಆಡಬಹುದು, ಊರೂ ಉಳಿಯುತ್ತೆ. ಆಗ ದಾರಿ ತೋರಿಸೋಕೆ ಮಾತ್ರ ಯಾರೂ ಇರಲ್ಲ. ಬಾಗಿಲು ತೆರೆದಿಟ್ಟು, ಬಂದವರ ಕಣ್ಣು ನೋಡಿ ಒಳಗೆ ಕರೆಯೋದೇ ಇಲ್ಲಿ ಜಾಣತನ.

ನೀವು ಆಡಿದ್ದರೆ, ಅದರಲ್ಲೂ ನನ್ನ ಮಾತು ಒಪ್ಪದಿದ್ದರೆ, ಖಂಡಿತ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.