ದೆವ್ವಕ್ಕೆ ಲಾಜಿಕ್ ಕೇಳ್ತೀರಿ, ಮಗುವನ್ನು ಕೇಳಿದಿರಾ?

ಊರು ಬಿಟ್ಟು ಎಷ್ಟೇ ವರ್ಷವಾದರೂ ನಮ್ಮ ಚೆನ್ನೈ ಕನ್ನಡಿಗರಿಗೆ ಅಭಿಪ್ರಾಯಗಳಿಗೆ ಮಾತ್ರ ಬರವಿಲ್ಲ ನೋಡಿ. ಕಾಫಿಯಿಂದ ಕಾವೇರಿವರೆಗೆ ಎಲ್ಲದಕ್ಕೂ ಒಂದೊಂದು ರೆಡಿ ಇರುತ್ತೆ. ಮೊನ್ನೆ ಸ್ನೇಹಿತರ ನಡುವೆ 'ಮಮ್ಮಿ ಸೇವ್ ಮಿ' ಚಿತ್ರದ ಮಾತು ಬಂತು. ಶುರುವಾಯ್ತು!

"ದೆವ್ವದ ಪಿಕ್ಚರ್ ಅಂದ್ರೆ ದೆವ್ವದ ಪಿಕ್ಚರ್ ಥರ ಇರಬೇಕು ಕಣ್ರೀ, ಮಧ್ಯೆ ತಾಯಿ ಸೆಂಟಿಮೆಂಟ್ ಯಾಕೆ?" ಅಂದರು ಒಬ್ಬರು. "ಸಸ್ಪೆನ್ಸ್ ಅಂತ ಶುರು ಮಾಡಿ ಕೊನೆಗೆ ದೆವ್ವದ ತಲೆಗೆ ಕಟ್ಟಿದರೆ ಅದು ಮೋಸ" ಅಂತ ಇನ್ನೊಬ್ಬರು. ಮೂರನೆಯವರು "ಇದನ್ನೆಲ್ಲ ಇಂಗ್ಲಿಷಿನಲ್ಲಿ ಯಾವತ್ತೋ ನೋಡಿದೀವಿ" ಎಂದರು. ಮತ್ತೆ ನಮ್ಮವರ ಪರ್ಮನೆಂಟ್ ಸರ್ಟಿಫಿಕೇಟ್ ಇದ್ದೇ ಇದೆಯಲ್ಲ: "ಕನ್ನಡಕ್ಕೆ ಪರವಾಗಿಲ್ಲ."

ಈ ನಾಲ್ಕೂ ಮಾತಿಗೆ ನನ್ನ ತಕರಾರಿದೆ. ಐದನೆಯ ಮಾತನ್ನು ಯಾರೂ ಆಡಲೇ ಇಲ್ಲ ಎಂಬುದಕ್ಕೆ ಇನ್ನೂ ದೊಡ್ಡ ತಕರಾರಿದೆ.

ಚಿತ್ರ ಗೊತ್ತಿಲ್ಲದವರಿಗೆ ಎರಡು ಸಾಲು. 2016ರ ಡಿಸೆಂಬರಿನಲ್ಲಿ ಬಂದದ್ದು. ಲೋಹಿತ್ ನಿರ್ದೇಶನ, ಅಜನೀಶ್ ಲೋಕನಾಥ್ ಸಂಗೀತ. ಗಂಡನನ್ನು ಕಳೆದುಕೊಂಡ ಗರ್ಭಿಣಿಯಾಗಿ ಪ್ರಿಯಾಂಕಾ ಉಪೇಂದ್ರ, ಪುಟ್ಟ ಮಗಳಾಗಿ ತಮಿಳಿನ 'ವೀರಂ'ನಲ್ಲಿ ಅಭಿನಯಿಸಿದ್ದ ಯುವಿನಾ ಪಾರ್ಥವಿ. ಗೋವೆಯ ಒಂದು ಮನೆ. ನಾನದನ್ನು ಥಿಯೇಟರಿನಲ್ಲಿ ನೋಡಲಿಲ್ಲ. ಆ ಡಿಸೆಂಬರ್ ನೆನಪಿದೆಯಲ್ಲ? ನೋಟು ರದ್ದತಿಯ ಗಲಾಟೆ, 5ರಂದು ಜಯಲಲಿತಾ ನಿಧನ, 12ರಂದು ವರ್ದಾ ಚಂಡಮಾರುತ. ಚೆನ್ನೈಯಲ್ಲಿದ್ದ ಬ್ಯಾಂಕಿನವನಿಗೆ ಬೇರೆ ದೆವ್ವ ಬೇಕಾಗಿರಲಿಲ್ಲ! ಆಮೇಲೆ ಮನೆಯಲ್ಲಿ ನೋಡಿದೆ.

ಮೊದಲು ಕಲಬೆರಕೆಯ ದೂರು. ಸ್ವಾಮಿ, ನರಸಿಂಹ ಯಾವ ಜಾನರ್ ಹೇಳಿ? ಮನುಷ್ಯನೂ ಅಲ್ಲ, ಮೃಗವೂ ಅಲ್ಲ, ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಎಲ್ಲವನ್ನೂ ಖಾನೆಗಳಲ್ಲಿ ಹಾಕಿ ವರ ಕೇಳಿದ್ದು ಹಿರಣ್ಯಕಶಿಪು, ಅವನ ಗತಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಭಯ, ಭಕ್ತಿ, ಹಾಸ್ಯ, ಅಳು ಎಲ್ಲವನ್ನೂ ಒಂದೇ ರಾತ್ರಿ ಬಯಲಾಟದಲ್ಲಿ ನೋಡಿ ಬೆಳೆದ ನಾವು ಈಗ ಖಾನೆ ಕೇಳುತ್ತೇವೆ. 2022ರಲ್ಲಿ 'ಕಾಂತಾರ' ಬಂದಾಗ ಜಮೀನು ತಗಾದೆ, ದೈವ, ಪ್ರೇಮ, ತಮಾಷೆ ಎಲ್ಲ ಒಟ್ಟಿಗೇ ಇತ್ತು. ಚಿತ್ರ ಗೆದ್ದಿತಲ್ಲ, ಯಾರೂ ಖಾನೆ ಕೇಳಲಿಲ್ಲ. ಹಾಗಂತ ಕಲಸಿದ್ದೆಲ್ಲ ಚಿತ್ರಾನ್ನ ಆಗುತ್ತೆ ಅಂತ ನಾನು ಹೇಳುತ್ತಿಲ್ಲ. ಹದ ಕೆಟ್ಟಿದ್ದರೆ ಹದ ಕೆಟ್ಟಿದೆ ಅನ್ನಿ, ಕಲಸಿದ್ದೇ ತಪ್ಪು ಅನ್ನಬೇಡಿ.

ಇನ್ನು ಲಾಜಿಕ್. ಯಾವ ಹೆಡ್ಡಿಗೆ ಸೇರಬೇಕೆಂದು ತಿಳಿಯದ ಎಂಟ್ರಿಯನ್ನು ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟಿಗೆ ಹಾಕಿಡುತ್ತೇವೆ. ಹಾಕುವುದು ತಪ್ಪಲ್ಲ, ಲೆಕ್ಕ ಕೊಡದೆ ಹಾಗೇ ಬಿಟ್ಟರೆ ತಪ್ಪು. ಸಿನಿಮಾಕ್ಕೂ ಅದೇ ನಿಯಮ. ದೆವ್ವ ಇದೆಯೋ ಇಲ್ಲವೋ ಎಂಬುದು ಆಡಿಟ್ ಪಾಯಿಂಟ್ ಅಲ್ಲ. ಆ ಮಗುವಿಗೇ ಯಾಕೆ ಕಾಣಿಸಿತು, ಕೊನೆಯಲ್ಲಿ ಆ ಮಗುವಿನ ಲೆಕ್ಕ ಚುಕ್ತಾ ಆಯ್ತೇ, ಕೇಳಬೇಕಾದ್ದು ಇದನ್ನು.

"ಇಂಗ್ಲಿಷಿನಲ್ಲಿ ನೋಡಿದೀವಿ" ಎನ್ನುವವರು ಯಾವುದನ್ನು ನೋಡಿದ್ದಾರೆ? ಹೆಚ್ಚಿನವರು ಹೇಳುವುದು 1999ರ 'ದಿ ಸಿಕ್ಸ್ತ್ ಸೆನ್ಸ್'. ಅದರ ನಿರ್ದೇಶಕ ಮನೋಜ್ ನೈಟ್ ಶ್ಯಾಮಲನ್ ಹುಟ್ಟಿದ್ದು ಪುದುಚೇರಿಗೆ ಸೇರಿದ ಮಾಹೆಯಲ್ಲಿ. ಅವರ ಮೊದಲ ಚಿತ್ರ, 1992ರ 'ಪ್ರೇಯಿಂಗ್ ವಿತ್ ಆಂಗರ್' ಚಿತ್ರೀಕರಣವಾದದ್ದು ಇದೇ ನಮ್ಮ ಚೆನ್ನೈಯಲ್ಲಿ. ಅದಿರಲಿ. ಸತ್ತವರನ್ನು ಕಾಣುವ ಆ ಹುಡುಗನ ಕಥೆ ಅಷ್ಟು ಜನರ ಎದೆಗೆ ತಟ್ಟಿದ್ದು ದೆವ್ವದಿಂದಲೇ ಅಂದುಕೊಂಡಿರಾ? ಒಬ್ಬ ದೊಡ್ಡವನು ಕೂತು ಆ ಮಗುವಿನ ಮಾತನ್ನು ಕೇಳಿಸಿಕೊಳ್ಳುತ್ತಾನೆ. ಕಥೆ ತಿರುಗುವುದು ಅಲ್ಲಿ.

ಈಗ ಯಾರೂ ಆಡದ ಐದನೆಯ ಮಾತು. ಇಂಥ ಚಿತ್ರದಿಂದ ದೆವ್ವವನ್ನು ತೆಗೆದು ನೋಡಿ, ಏನು ಉಳಿಯುತ್ತೆ? ಅಪ್ಪನಿಲ್ಲದ ಮಗು, ದುಃಖದಲ್ಲಿ ಮುಳುಗಿದ ಅಮ್ಮ, ಗುರುತಿಲ್ಲದ ಮನೆ. ಊರು ಬಿಟ್ಟು ಬಂದ ನಮಗೆ ಇದು ಅರ್ಥವಾಗದ ಕಥೆಯೇ? ಟ್ರಾನ್ಸ್‌ಫರ್ ಆದಾಗ ಎಷ್ಟು ಮಕ್ಕಳನ್ನು ಭಾಷೆ ಬರದ ಶಾಲೆಗೆ ಸೇರಿಸಿ "ಎಲ್ಲ ಸರಿಹೋಗುತ್ತೆ" ಅಂದಿಲ್ಲ ನಾವು ದೊಡ್ಡವರು?

ಮತ್ತೆ ಪ್ರಹ್ಲಾದನಿಗೇ ಬನ್ನಿ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಆ ಪಾತ್ರ ಮಾಡಿದ ಹುಡುಗ ಪುನೀತ್, ಹುಟ್ಟಿದ್ದು ಇದೇ ಮದ್ರಾಸಿನಲ್ಲಿ, 1975ರಲ್ಲಿ. ಎದುರಿಗೆ ಹಿರಣ್ಯಕಶಿಪುವಾಗಿ ಸ್ವಂತ ಅಪ್ಪ ರಾಜ್‌ಕುಮಾರ್. ಮಗ ತನಗೆ ಕಂಡದ್ದನ್ನು ಹೇಳುತ್ತಾನೆ, ಅಪ್ಪ ಸಾಕ್ಷಿ ಕೇಳುತ್ತಾನೆ. ಈ ಕಂಬದಲ್ಲಿದ್ದಾನೋ? ತೋರಿಸು! ನಮ್ಮ ಪ್ರೇಕ್ಷಕ ಮಹಾಶಯರ ಲಾಜಿಕ್ ಕೂಡ ಇಷ್ಟೇ. ಕಂಬದ ಮೇಲೆಯೇ ಕಣ್ಣು, ಪಕ್ಕದಲ್ಲಿ ನಿಂತ ಮಗುವಿನ ಮೇಲಲ್ಲ.

ಪಾತ್ರದ ಮಗು ಬಿಡಿ, ಕ್ಯಾಮೆರಾ ಮುಂದೆ ನಿಂತ ನಿಜವಾದ ಮಗುವಿನ ಬಗ್ಗೆಯಾದರೂ ಯಾರು ಕೇಳಿದರು? "ಪಾಪು ಸೂಪರಾಗಿ ಹೆದರಿಸಿದೆ" ಅಂತ ಹೊಗಳಿ ಮುಗಿಸಿದರು. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ 2017ರಲ್ಲಿ ನಿಯಮಗಳು ಬಂದಿವೆ. ಬಾಲನಟರಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ವಿಶ್ರಾಂತಿಯಿಲ್ಲದೆ 3 ಗಂಟೆ ಮೀರುವಂತಿಲ್ಲ. ಸತತ 27 ದಿನ ದಾಟುವಂತಿಲ್ಲ. ಸಂಪಾದನೆಯ ಕನಿಷ್ಠ ಶೇ. 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಎಫ್‌ಡಿ ಆಗಬೇಕು. ಈ ನಿಯಮಗಳು ಬರುವ ಮೊದಲೇ 'ಮಮ್ಮಿ' ತೆರೆಕಂಡಿತ್ತು, ಆ ತಂಡದ ಮೇಲೆ ನನ್ನ ದೂರಿಲ್ಲ. ನನ್ನ ದೂರು ನೋಡುವವರ ಮೇಲೆ. ನೋಡುವ ಮಗುವಿಗೆ 7+, 13+, 16+ ಅಂತ ಸರ್ಕಾರ ಸರ್ಟಿಫಿಕೇಟಿನಲ್ಲಿ ಮೆಟ್ಟಿಲು ಮಾಡಿದೆ. ನಟಿಸುವ ಮಗುವಿಗೆ ಮಾಡಿದ ನಿಯಮ ಎಷ್ಟು ಜನರಿಗೆ ಗೊತ್ತು? ಎಫ್‌ಡಿ ಬಡ್ಡಿ ಕಾಲು ಪರ್ಸೆಂಟ್ ಇಳಿದರೆ ಕೌಂಟರಿನಲ್ಲಿ ಜಗಳವಾಡುವ ನಾವು, ಆ ಮಗುವಿನ ಶೇ. 20ರ ಬಗ್ಗೆ ಬಾಯಿಬಿಟ್ಟಿದ್ದೇವಾ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮಗುವನ್ನು ಮುಂದಿಟ್ಟುಕೊಂಡು ಹೆದರಿಸುವ ಯಾವ ಚಿತ್ರ ಬಂದರೂ ಎಷ್ಟು ಸಲ ಬೆಚ್ಚಿಬಿದ್ದಿರಿ ಅಂತ ಹೇಳುವ ಮೊದಲು ಎರಡು ಪ್ರಶ್ನೆಗೆ ಉತ್ತರ ಕೊಡಿ. ಕಥೆಯೊಳಗಿನ ಮಗುವಿನ ಮಾತನ್ನು ಯಾರಾದರೂ ಕೇಳಿಸಿಕೊಂಡರಾ? ಸೆಟ್ಟಿನಲ್ಲಿದ್ದ ಮಗು ಹೊತ್ತಿಗೆ ಸರಿಯಾಗಿ ಮನೆಗೆ ಹೋಯಿತಾ? ಇವೆರಡು ಆದಮೇಲೆ ಲಾಜಿಕ್ಕು, ಜಾನರ್ರು, ಹಾಲಿವುಡ್ಡು ಎಲ್ಲ ಮಾತಾಡೋಣ, ಕಾಫಿ ನಂದೇ.

ಏನಂತೀರಿ?