ಕೂದಲು ನರೆತರೆ ಓಟು ಕೊಡಬೇಕೇ?

ಚುನಾವಣೆ ಬಂತೆಂದರೆ ನಮ್ಮ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಹೆಂಗಸರಿಗೆ ಎಲ್ಲಿಲ್ಲದ ಗೌರವ. ಐದು ವರ್ಷ ಬಾಗಿಲ ಕಡೆ ತಿರುಗಿಯೂ ನೋಡದವರು ಕೈ ಮುಗಿದು 'ಅಮ್ಮಾ', 'ಅಕ್ಕಾ' ಎನ್ನುತ್ತಾರೆ. ನಮ್ಮವರ ಮನೆಯೆಂದು ತಿಳಿದರೆ 'ಸಲಾಂ ಆಪಾ' ಎಂಬ ಮಾತೂ ಬರುತ್ತದೆ. ಮಗುವನ್ನು ಎತ್ತಿಕೊಳ್ಳುತ್ತಾರೆ, ಕೇಳಿ ನೀರು ಕುಡಿಯುತ್ತಾರೆ. ಅವರು ಅತ್ತ ಹೋದ ಮೇಲೆ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, "ಪಾಪ, ಎಷ್ಟು ಇಳಿದು ಹೋಗಿದ್ದಾರೆ ನೋಡಿ!" ಸಹೋದರಿಯರೇ, ಈ 'ಪಾಪ' ಎಂಬ ಮಾತಿನ ಬಗ್ಗೆಯೇ ಈ ತಿಂಗಳು ಸ್ವಲ್ಪ ಯೋಚಿಸೋಣ.

ಅಭ್ಯರ್ಥಿಗಳ ದಣಿವು ಸುಳ್ಳೆಂದು ನಾನು ಹೇಳುತ್ತಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ನಮ್ಮ ತುಮಕೂರಿನಿಂದಲೇ ಸ್ಪರ್ಧಿಸಿದ್ದರು. 1962ರಲ್ಲಿ ಮೊದಲ ಬಾರಿಗೆ ಶಾಸಕರಾದವರು ಅವರು. ಆಗ ಅವರಿಗೆ 86 ತುಂಬಲು ಒಂದೇ ತಿಂಗಳು ಬಾಕಿ. ಏಪ್ರಿಲ್ ತಿಂಗಳ ಬಿಸಿಲು, ಎಂಟು ವಿಧಾನಸಭಾ ಕ್ಷೇತ್ರಗಳ ಸುತ್ತಾಟ. ಆ ವಯಸ್ಸಿನಲ್ಲಿ ನಮ್ಮ ಮನೆಯ ಹಿರಿಯರನ್ನು ನಾವು ಅಂಗಳಕ್ಕೂ ಒಂಟಿಯಾಗಿ ಬಿಡುವುದಿಲ್ಲ. ಮರುಕ ಹುಟ್ಟದೇ ಇರುತ್ತದೆಯೇ?

ಆದರೆ ಆ ಚುನಾವಣೆಯಲ್ಲಿ ಇನ್ನೊಂದು ಮಾತೂ ಜೋರಾಗಿ ಕೇಳಿಬಂತು. ಅದು ಹೇಮಾವತಿ ನೀರಿನದು. ತುಮಕೂರಿನ ಪಾಲಿನ ನೀರು ಹಾಸನದವರಿಂದಾಗಿ ಸರಿಯಾಗಿ ಬರಲಿಲ್ಲ ಎಂಬುದು ಎದುರಾಳಿಗಳ ಆರೋಪ. ಕೊನೆಗೆ ಗೌಡರು 13,339 ಮತಗಳಿಂದ ಸೋತರು. ಗೆದ್ದ ಜಿ.ಎಸ್. ಬಸವರಾಜು ಕೂಡ ಎಪ್ಪತ್ತು ದಾಟಿದವರೇ! ಸೋಲು ಗೆಲುವಿಗೆ ಕಾರಣ ಹಲವು ಇರಬಹುದು. ಆದರೆ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವವಳಿಗೆ ಅಭ್ಯರ್ಥಿಯ ವಯಸ್ಸಿಗಿಂತ ನೀರಿನ ಪ್ರಶ್ನೆಯೇ ದೊಡ್ಡದು.

ಇನ್ನು ಕಣ್ಣೀರು. ಇದಕ್ಕೆ ಪಕ್ಷಭೇದವಿಲ್ಲ. 2018ರ ಜುಲೈನಲ್ಲಿ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿ ವೇದಿಕೆಯಲ್ಲೇ ಅತ್ತರು. 2021ರ ಜುಲೈನಲ್ಲಿ ಯಡಿಯೂರಪ್ಪ ರಾಜೀನಾಮೆ ಪ್ರಕಟಿಸುವಾಗ ಗದ್ಗದಿತರಾದರು. 2019ರ ಮಾರ್ಚ್‌ನಲ್ಲಿ ಮೊಮ್ಮಗ ಪ್ರಜ್ವಲ್ ರೇವಣ್ಣನಿಗೆ ಹಾಸನ ಕ್ಷೇತ್ರ ಬಿಟ್ಟುಕೊಟ್ಟ ಸಭೆಯಲ್ಲಿ ದೇವೇಗೌಡರೂ ಕಣ್ಣೀರು ಹಾಕಿದರು. ಆ ತಾತನ ಅಳು ನಿಜವೇ ಇರಬಹುದು. ಮೊಮ್ಮಗ ಗೆದ್ದು ಸಂಸದನಾದ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅದೇ ಪ್ರಜ್ವಲ್‌ಗೆ, ಮನೆಗೆಲಸದ ಹೆಣ್ಣುಮಗಳೊಬ್ಬಳ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಹಿರಿಯರೊಬ್ಬರ ಕಣ್ಣೀರು ಕಿರಿಯನ ನಡತೆಗೆ ಜಾಮೀನಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಬೇಕೇ?

ದೂರದ ಅಮೆರಿಕದಲ್ಲೂ ಇದೇ ಮಾತು. 2009ರಲ್ಲಿ ಅಧಿಕಾರಕ್ಕೆ ಬರುವಾಗ 47 ವರ್ಷದ ಒಬಾಮಾರ ಕೂದಲು ಕಪ್ಪಗಿತ್ತು, 2017ರಲ್ಲಿ ಇಳಿಯುವಾಗ ನರೆತಿತ್ತು. ಅಧಿಕಾರವೇ ಅವರನ್ನು ಮುದುಕರನ್ನಾಗಿ ಮಾಡಿತೆಂದು ಎಲ್ಲರೂ ಮರುಗಿದರು. ಆದರೆ ಆ ವಯಸ್ಸಿನಲ್ಲಿ ಯಾರ ಕೂದಲು ನರೆಯುವುದಿಲ್ಲ ಹೇಳಿ? ವಿದ್ವಾಂಸರಲ್ಲೂ ಈ ಬಗ್ಗೆ ಒಮ್ಮತವಿಲ್ಲ. ಸಹಜವಾಗಿ ತೀರಿಕೊಂಡ 34 ಅಮೆರಿಕ ಅಧ್ಯಕ್ಷರಲ್ಲಿ 23 ಮಂದಿ ತಮ್ಮ ಕಾಲದ ನಿರೀಕ್ಷಿತ ಆಯಸ್ಸಿಗಿಂತ ಹೆಚ್ಚು ಬದುಕಿದ್ದರೆಂದು 2011ರ ಒಂದು ಅಧ್ಯಯನ ಹೇಳಿತು. 2015ರ ಇನ್ನೊಂದು ಅಧ್ಯಯನ 17 ದೇಶಗಳ ನಾಯಕರನ್ನು ಸೋತ ಅಭ್ಯರ್ಥಿಗಳೊಂದಿಗೆ ಹೋಲಿಸಿ, ಗೆದ್ದವರ ಆಯಸ್ಸು ಎರಡೂವರೆ ವರ್ಷಕ್ಕೂ ಹೆಚ್ಚು ಕಡಿಮೆಯಾಗಿದೆ ಎಂದಿತು. ಏನೇ ಇರಲಿ, ದೊಡ್ಡವರಿಗೆ ಒಳ್ಳೆಯ ಊಟ, ಒಳ್ಳೆಯ ವೈದ್ಯರು ಇರುತ್ತಾರೆ. ಬೀಡಿ ಕಟ್ಟುವ, ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಸಹೋದರಿಯ ಮುಖದ ಸುಕ್ಕನ್ನು ಲೆಕ್ಕ ಹಾಕಿದವರು ಯಾರು?

ಓಲೈಸುವುದೆಲ್ಲ ಕೆಟ್ಟದ್ದೆಂದಲ್ಲ. 2023ರ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಸರಕಾರಿ ಬಸ್‌ನಲ್ಲಿ ಉಚಿತ ಪ್ರಯಾಣ ಎಂದು ಗ್ಯಾರಂಟಿ ಕಾರ್ಡ್ ಹಂಚಿತು. ಅದೂ ಓಟಿಗಾಗಿಯೇ. ಆದರೆ ಅದರಲ್ಲಿ ಹಿಡಿದು ಕೇಳುವಂಥ ಮಾತಿತ್ತು. ಅದೇ ವರ್ಷ ಜೂನ್‌ನಲ್ಲಿ ಬಸ್ ಪ್ರಯಾಣ ಉಚಿತವಾಯಿತು, ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಆರಂಭವಾಯಿತು. ಹಣ ಬರುವುದು ತಡವಾದರೆ 'ಯಾಕೆ ಬಂದಿಲ್ಲ?' ಎಂದು ನಾವು ಗಟ್ಟಿಯಾಗಿ ಕೇಳಬಹುದು. ನರೆತ ಗಡ್ಡವನ್ನೂ ಬಾಡಿದ ಮುಖವನ್ನೂ ಹೀಗೆ ಕೇಳಲು ಸಾಧ್ಯವೇ?

ಆದ್ದರಿಂದ ಮುಂದಿನ ಸಲ ಅಭ್ಯರ್ಥಿ ಬಾಗಿಲಿಗೆ ಬಂದಾಗ ಬಾಯಾರಿದವರಿಗೆ ನೀರು ಕೊಡಿ, ಹಿರಿಯರಾಗಿದ್ದರೆ ಕುರ್ಚಿ ಹಾಕಿ. ಅದು ನಮ್ಮ ಮನೆಯ ಸಂಸ್ಕಾರ. ಅವರು ಕುಳಿತ ಮೇಲೆ ಮೂರು ಪ್ರಶ್ನೆ ಕೇಳಿ: ನಲ್ಲಿಯಲ್ಲಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ? ನಮ್ಮ ಹೆಣ್ಣುಮಕ್ಕಳ ಕಾಲೇಜಿಗೆ ಏನು ಮಾಡುತ್ತೀರಿ? ಕಳೆದ ಸಲ ಹೇಳಿದ್ದರಲ್ಲಿ ಎಷ್ಟು ಮಾಡಿದ್ದೀರಿ? ಉತ್ತರವನ್ನು ಮಗಳ ಕೈಯಲ್ಲಿ ಬರೆಸಿ, ಪಡಿತರ ಚೀಟಿಯ ಜೊತೆ ಜೋಪಾನವಾಗಿ ಇಡಿ. ಓಟು ನಮ್ಮ ಕೈಯಲ್ಲಿರುವ ಅಮಾನತ್ತು. ಮರುಕಪಟ್ಟು ನೀರು ಕೊಡೋಣ, ವಿಚಾರಿಸಿ ಓಟು ಕೊಡೋಣ.