ಲಾಡ್ಜ್‌ಗೆ ಕಂಪನಿ ಬೋರ್ಡ್: 54 ರೂಪಾಯಿ ಲೆಕ್ಕ ಮರೀಬೇಡಿ
ಸಕಲೇಶಪುರ: ದೊಡ್ಡ ಹೋಟೆಲ್ ಕಂಪನಿಯ ಫ್ರಾಂಚೈಸಿ ತಗೊಂಡು ಲಾಡ್ಜ್‌ಗೆ ಬೋರ್ಡ್ ಹಾಕಿಸಿದರೆ ಆನ್‌ಲೈನ್ ಬುಕಿಂಗ್ ಸಿಗುತ್ತೆ, ನಿಜ. ಖರ್ಚಿನ ಲೆಕ್ಕ ಮಾತ್ರ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ.12ರಿಂದ ಶೇ.5ಕ್ಕೆ ಇಳಿಯಿತು. ಗಿರಾಕಿಗೆ ಖುಷಿ. ಆದರೆ ಮಾಲೀಕರಿಗಿದ್ದ ಇನ್‌ಪುಟ್ ಕ್ರೆಡಿಟ್ ಹೋಯ್ತು. ಕಂಪನಿ ಶುಲ್ಕದ ಮೇಲಿನ ಶೇ.18 ಜಿಎಸ್‌ಟಿ ಈಗ ಪೂರ್ತಿ ಮಾಲೀಕರ ತಲೆಗೆ. 1,500 ರೂ. ರೂಮಿಗೆ ಶೇ.20 ಶುಲ್ಕ ಅಂತಿಟ್ಟುಕೊಳ್ಳಿ: 300 ರೂ., ಅದರ ಮೇಲೆ 54 ರೂ. ತೆರಿಗೆ. ಅದು ವಾಪಸ್ ಬರಲ್ಲ.

ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ರೂಮು ಖಾಲಿ. ಕರಾರಿನಲ್ಲಿ ತಿಂಗಳ ಕನಿಷ್ಠ ಶುಲ್ಕ ಇದ್ದರೆ ಆಗಲೂ ಕಟ್ಟಬೇಕು. ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ದೇಶದಲ್ಲಿಲ್ಲ, 1872ರ ಕರಾರು ಕಾಯ್ದೆಯೇ ಗತಿ. ಜಗಳವಾದರೆ ಯಾವ ಊರಿನ ಕೋರ್ಟು ಅನ್ನೋ ಸಾಲನ್ನೂ ಸಹಿಗೆ ಮುಂಚೆ ಓದಿಕೊಳ್ಳಿ.